ಕೈಗಡ ತಂದ ಹುಡುಗ

ಆ ರವಿವಾರ ಮುಂಜಾನೆ ಸಿದ್ದಲಿಂಗ ಹೇಳಿದ ಸುಳ್ಳು ತೀರ ಸಣ್ಣದಾಗಿತ್ತು. ಫೋನಿನಲ್ಲಿ ‘ಹೌದ್ರಿ’ ಅಂದಿದ್ದ, ಅಷ್ಟೇ. ಹಲ್ಲುಜ್ಜುವ ಬ್ರಷ್ಷು ಬಾಯಲ್ಲೇ ಇತ್ತು. ಅದಕ್ಕಿಂತ ದೊಡ್ಡ ಸುಳ್ಳು ಹೇಳುವ ಅನುಕೂಲವೂ ಇರಲಿಲ್ಲ.

ಫೋನು ಮಾಡಿದವರು ಇಂಡಿ ಊರಿನ ನಿಂಬೆಹಣ್ಣಿನ ದೊಡ್ಡ ವ್ಯಾಪಾರಿ ಬಸಂತರಾಯರು. ಅವರನ್ನು ಒಮ್ಮೆ ಸಿಂದಗಿಯ ತನ್ನ ಆಫೀಸಿಗೆ ಕರೆಸಬೇಕೆಂದು ಸಿದ್ದಲಿಂಗ ವರ್ಷದಿಂದ ಬೆನ್ನು ಹತ್ತಿದ್ದ. ಅವರ ಅಂಗಡಿ ಪೂಜೆಗೆ ಹೋಗಿ ಬಂದಿದ್ದ. ಅವರ ಬೀಗರ ಗೃಹಪ್ರವೇಶದಲ್ಲಿ ಸೊಂಟಕ್ಕೆ ಟವೆಲು ಸುತ್ತಿ ಸಾರು ಬಡಿಸಿದ್ದ. ಅಂಥ ಬಸಂತರಾಯರು ತಾವಾಗಿಯೇ ಫೋನು ಮಾಡಿದ್ದರು.

“ಇವತ್ತ ಮಧ್ಯಾಹ್ನ ನಿಮ್ಮ ಆಫೀಸಿಗೆ ಬರಾಕತ್ತೇನ್ರಿ. ಅದಕ್ಕೂ ಮೊದಲ ಒಂದ ಮಾತ ಕೇಳ್ಬೇಕಾಗಿತ್ತು. ನಿಮ್ಮ ಸಂಸ್ಥಾದಾಗ ಒಬ್ಬೊಬ್ಬರ ಕೈಯಾಗ ಒಂದೊಂದ ಹುಡುಗನ್ನ ಕೊಡ್ತೀರಂತ. ಖುದ್ದ ನಿಮ್ಮ ಕೈಯಾಗ ಒಬ್ಬ ಅದಾನೇನ್ರಿ?”

ಇಂಥ ಪ್ರಶ್ನೆಗೆ ‘ಇಲ್ಲ’ ಎನ್ನುವವನು ದೇಣಿಗೆ ಎತ್ತುವ ಕಸುಬಿಗೇ ಬರಬಾರದು.

“ಹೌದ್ರಿ,” ಎಂದ ಸಿದ್ದಲಿಂಗ, ನೊರೆಯ ನಡುವಿನಿಂದ.

“ಹಂಗಾದ್ರ ಅವನ್ನೂ ಕರಸ್ರಿ. ನಿಮ್ಮಿಬ್ಬರನ್ನೂ ಕೂಡಿಸಿ ನೋಡ್ತೇನಿ.”

ಫೋನು ಕಟ್ಟಾಯಿತು. ಕನ್ನಡಿಯೊಳಗೆ ಬಿಳಿ ಗಡ್ಡದ ಸಿದ್ದಲಿಂಗ ಕಾಣಿಸಿದ. ನೊರೆ ಒರೆಸಿಕೊಂಡ ಮೇಲೂ ಮುಖ ಬಿಳಿಯಾಗಿಯೇ ಉಳಿಯಿತು.

ಸಿದ್ದಲಿಂಗ ಈ ಕಸುಬಿನಲ್ಲಿ ಪಳಗಿದ ಮನುಷ್ಯ. ಹುಬ್ಬಳ್ಳಿಯಲ್ಲಿ ಒಂದು ಕಣ್ಣಿನ ಆಸ್ಪತ್ರೆಗೆ ದೇಣಿಗೆ ಎತ್ತುವುದರಿಂದ ಶುರು ಮಾಡಿ, ಸೊಲ್ಲಾಪುರದಲ್ಲಿ ಕಿವುಡ ಮಕ್ಕಳ ಶಾಲೆಯೊಂದಕ್ಕೆ ಎರಡಂತಸ್ತಿನ ಕಟ್ಟಡ ಎಬ್ಬಿಸಿ ಕೊಟ್ಟು, ಆಮೇಲೆ ಸಿಂದಗಿಯ ‘ಹೆಗಲು’ ಸಂಸ್ಥೆಯವರು ಕರೆದರೆಂದು ಅದರ ಮುಖ್ಯಸ್ಥನಾಗಿ ಬಂದಿದ್ದ. ಯಾರ ಮುಂದೆ ಅಂಕಿ ಸಂಖ್ಯೆ ಹೇಳಬೇಕು, ಯಾರ ಮುಂದೆ ದನಿ ನಡುಗಿಸಬೇಕು, ಯಾರ ಮುಂದೆ ಏನೂ ಕೇಳದೆ ಚಹಾ ಕುಡಿದು ಎದ್ದು ಬರಬೇಕು, ಎಲ್ಲ ಗೊತ್ತಿತ್ತು. ಬಿಗಿಮುಷ್ಟಿಯ ಸಾಹುಕಾರರೂ ಅವನೆದುರು ಅರ್ಧ ತಾಸು ಕೂತರೆ ಬಿಸಿಲಿಗಿಟ್ಟ ಬೆಣ್ಣೆಯ ಹಾಗೆ ಆಗಿಬಿಡುತ್ತಿದ್ದರು.

‘ಹೆಗಲು’ ಮಾಡುವ ಕೆಲಸ ಸರಳವಾದದ್ದು. ಹದಿಹರೆಯದ ಒಬ್ಬ ಹುಡುಗನಿಗೋ ಹುಡುಗಿಗೋ ಊರಿನ ಒಬ್ಬ ದೊಡ್ಡವರನ್ನು ಜೊತೆ ಹಾಕುವುದು. ಆ ದೊಡ್ಡವರಿಗೆ ‘ಜೊತೆಗಾರ’ ಎಂದು ಹೆಸರು. ಅವರು ಬಂಧುವಾಗಿರಬಾರದು, ಉಪದೇಶ ಮಾಡಬಾರದು. ರವಿವಾರಕ್ಕೊಮ್ಮೆ ಕೂಡಿ ತಿರುಗಾಡಬೇಕು, ಆ ಮಗು ಹೇಳಿದ್ದನ್ನು ಕಿವಿಗೊಟ್ಟು ಕೇಳಬೇಕು. ಕಂಡಕ್ಟರು, ನರ್ಸು, ಮಾಸ್ತರು, ಕಿರಾಣಿ ಅಂಗಡಿಯವರು, ಹೀಗೆ ಸಿಂದಗಿಯಲ್ಲಿ ಓಣಿಗೊಬ್ಬರು ಜೊತೆಗಾರರು ಇದ್ದರು. ಇಲ್ಲದವನೆಂದರೆ ಸಂಸ್ಥೆಯ ಮುಖ್ಯಸ್ಥನೊಬ್ಬನೇ. ಅವನ ರವಿವಾರಗಳೆಲ್ಲ ದಾನಿಗಳ ಸೋಫಾಗಳ ಮೇಲೆ ಕಳೆದು ಹೋಗುತ್ತಿದ್ದವು.

ಈ ಸಲದ ದೇಣಿಗೆ ಸುಮ್ಮನೆ ಬಿಡುವಂಥದ್ದೂ ಅಲ್ಲ. ಮುದ್ದೇಬಿಹಾಳದಲ್ಲಿ ತರನ್ನುಮ ಎಂಬ ಕಾರ್ಯಕರ್ತೆ ಹುಡುಗಿಯರಿಗಾಗಿ ಹೊಸ ಶಾಖೆ ತೆರೆಯಲು ಮನೆ ನೋಡಿಟ್ಟಿದ್ದಳು. ಜೊತೆಗಾರ್ತಿಯರು ತಯಾರು, ಹುಡುಗಿಯರೂ ತಯಾರು. ತೆರೆಯಲು ಹಣವಿಲ್ಲ, ಅಷ್ಟೇ. “ಸರ್, ಹುಡುಗ್ಯಾರು ದಿನಾ ಬಂದು ಬಾಗಲಾ ನೋಡಿ ಹೋಗಾಕತ್ತಾರ್ರಿ,” ಎಂದು ಹಿಂದಿನ ದಿನವೇ ಹೇಳಿದ್ದಳು. ಆ ಮಾತು ಸಿದ್ದಲಿಂಗನ ಎದೆಯಲ್ಲಿ ಕೂತಿತ್ತು.

ಅವನು ಆಫೀಸಿಗೆ ಓಡಿದ. ಅಲ್ಲಿ ಸಗೀರಾ ಇದ್ದಳು. ಯಾವ ಮಗುವಿಗೆ ಯಾವ ಜೊತೆಗಾರ ಎಂಬುದನ್ನು ಗೊತ್ತು ಮಾಡುವವಳು ಅವಳೇ.

“ಸಗೀರಾ, ನನಗೊಬ್ಬ ಹುಡುಗ ಬೇಕು.”

ಸಗೀರಾಳ ಮುಖ ಅರಳಿತು. “ಎಷ್ಟ ದಿನದಿಂದ ಹೇಳಾಕತ್ತಿದ್ದೆ ಸರ್, ಈಗ ಮನಸ ಬಂತಲ್ಲ! ಮೊದಲ ತರಬೇತಿ ತಗೋರಿ. ಆಮ್ಯಾಲೆ ಹುಡುಗನ ಮನಿಯವರನ್ನ ಭೆಟ್ಟಿ ಆಗೂಣು. ಎಲ್ಲಾ ಸರಿ ಹೋದ್ರ ದೀಪಾವಳಿಗೆ...”

“ಇವತ್ತ ಮಧ್ಯಾಹ್ನದೊಳಗ ಬೇಕು.”

ಸಂಗತಿ ಕೇಳಿ ಸಗೀರಾ ತಲೆಯ ಮೇಲೆ ಕೈಹೊತ್ತು ಕೂತಳು. “ಸುಳ್ಳ ಹೇಳಿ ತಂದ ರೊಕ್ಕ ನಮಗ ಬ್ಯಾಡ ಸರ್.”

“ಹೇಳಿ ಆಗೇತಲ್ಲವ್ವ. ಈಗ ಮುದ್ದೇಬಿಹಾಳದ ಹುಡುಗ್ಯಾರ ಮಾರಿ ನೆನಸ್ಕೊ. ಇವತ್ತೊಂದ ದಿನ ಯಾರದರೆ ಹುಡುಗನ್ನ ಕೈಗಡ ಕೊಡಸು. ಬರೋ ವಾರದಿಂದ ಖರೇನ ನಾನೂ ಜೊತೆಗಾರ ಆಗ್ತೇನಿ.”

ಮುದ್ದೇಬಿಹಾಳದ ಹೆಸರು ಬಂದೊಡನೆ ಸಗೀರಾ ಮೆತ್ತಗಾದಳು. ಪಟ್ಟಿ ತಿರುವಿ ಹಾಕಿ, “ಭೀಮು ಆಗಬಹುದು. ಮಾತುಗಾರ. ಆದ್ರ ಮಹಮ್ಮದಹನೀಫ ಚಾಚಾ ಬಿಡ್ತಾರೋ ಇಲ್ಲೋ,” ಎಂದಳು.

ಮಹಮ್ಮದಹನೀಫ ಬಸ್‌ಸ್ಟ್ಯಾಂಡಿನ ಹಿಂದಿನ ದರ್ಜಿ. ಭೀಮುವಿಗೆ ಜೊತೆಗಾರನಾಗಿ ನಾಲ್ಕು ವರ್ಷವಾಗಿತ್ತು. ಸಿದ್ದಲಿಂಗ ಹೋದಾಗ ಆತ ಜಂಪರಿನ ತೋಳು ಜೋಡಿಸುತ್ತಿದ್ದ. ಕೇಳಿದ್ದೇ ಮಷೀನು ನಿಂತಿತು.

“ಸಾಹೇಬ್ರ, ಮಷೀನ್ ಕೇಳ್ರಿ, ಕೊಡ್ತೇನಿ. ಕತ್ರಿ ಕೇಳ್ರಿ, ಕೊಡ್ತೇನಿ. ಹುಡುಗನ್ನ ಹೆಂಗ ಕೊಡ್ಲಿ?”

“ಎರಡ ತಾಸಿನ ಮಟ್ಟಿಗೆ ಚಾಚಾ.”

“ಎರಡ ತಾಸ ಅವ ನಿಮ್ಮನ್ನ ಜೊತೆಗಾರ ಅಂತಾನೇನು?”

“ಬರೇ ಬಾಯಿ ಮಾತಿಗೆ.”

ಮಹಮ್ಮದಹನೀಫ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡ. “ಹಂಗಾದ್ರ ನಾನೂ ಬರ್ತೇನಿ.”

“ನೀವು ಬಂದ್ರ ಕೆಲಸ ಕೆಡ್ತೈತಿ.”

“ಆಫೀಸಿನ ಕಿಡಕಿ ಪಡದೆ ಅಳತಿ ತಗೊಳ್ಳಾಕ ಬಂದೇನಂತ ಹೇಳ್ರಿ. ಒಂದ ಶಬ್ದ ಮಾತಾಡೂದಿಲ್ಲ. ಖಸಂ!”

ಹದಿನೇಳರ ಭೀಮು ಎರಡು ಅಂಗಿಯಷ್ಟು ಹುಡುಗನನ್ನು ಒಂದೇ ಅಂಗಿಯಲ್ಲಿ ತುಂಬಿಸಿದ ಹಾಗಿದ್ದ. ಕಬಡ್ಡಿ ಆಡುವವನು. ಅವನನ್ನು ಸಿದ್ದಲಿಂಗನ ಎದುರು ಕೂರಿಸಿ ಸಗೀರಾ ಪರೀಕ್ಷೆಯ ಹಿಂದಿನ ದಿನದ ಮಾಸ್ತರರ ಹಾಗೆ ಇಬ್ಬರಿಗೂ ಪಾಠ ಹೇಳಿದಳು. ಭೀಮುವಿನ ಅಪ್ಪ ಟೆಂಪೋ ಡ್ರೈವರು, ತಾಯಿ ರೇಣವ್ವ. ಭೀಮುವಿಗೆ ಬದನೆಕಾಯಿ ಕಂಡರೆ ಆಗದು. ಗಣಿತ ಹಗುರ, ಇಂಗ್ಲಿಷು ಭಾರ. ಸಿದ್ದಲಿಂಗ ಕಣ್ಣು ಮುಚ್ಚಿ ಬಾಯಿಪಾಠ ಮಾಡಿದ.

“ಭೀಮು, ನನ್ನ ಬಗ್ಗೆ ಕೇಳಿದ್ರ ಏನ್ ಹೇಳ್ತಿ?”

“ಚಾಚಾನ ಬಗ್ಗೆ ಏನ್ ಹೇಳ್ಬೇಕೋ ಅದನ್ನ ನಿಮ್ಮ ಹೆಸರಿಗೆ ಹೇಳ್ತೇನ್ರಿ,” ಎಂದ ಭೀಮು. “ಚಾಚಾ ಅನ್ನೋ ಕಡೆ ಸರ್ ಅಂತೇನಿ. ಸಾಕಲ್ರಿ?”

ಕಿಟಕಿಯ ಬಳಿ ಟೇಪು ಹಿಡಿದು ನಿಂತ ಮಹಮ್ಮದಹನೀಫ ಜೋರಾಗಿ ಕೆಮ್ಮಿದ.

ಈ ಪಾಠವನ್ನು ಇನ್ನೊಬ್ಬರೂ ಕೇಳಿಸಿಕೊಂಡಿದ್ದರು. ಆಫೀಸಿನ ಮನೆಯ ಒಡತಿ ಕಸ್ತೂರೆವ್ವ. ಆ ಮನೆಯ ಹಿಂಭಾಗದಲ್ಲೇ ಇರುತ್ತಿದ್ದರು. ಅವರ ಕಿವಿ ಮಾತ್ರ ಸದಾ ಮುಂಭಾಗದಲ್ಲಿರುತ್ತಿತ್ತು. ಬಾಗಿಲಲ್ಲಿ ಪ್ರತ್ಯಕ್ಷರಾಗಿ, “ಯಾಕ ಅಂಜ್ತೀಯೋ ತಮ್ಮಾ, ನಾ ಇದ್ದೇನಲ್ಲ! ನಾಕ್ ಮಾತ ನಾನೂ ಸೇರಿಸ್ತೇನಿ,” ಎಂದು ಅಭಯ ಕೊಟ್ಟರು.

“ಏನೂ ಸೇರಸಬ್ಯಾಡ್ರಿ ಅತ್ತಿ, ಕೈಮುಗಿತೇನಿ,” ಎಂದ ಸಿದ್ದಲಿಂಗ.

“ಸೇರಸೂದಿಲ್ಲಂತ,” ಎನ್ನುತ್ತ ಕಸ್ತೂರೆವ್ವ ಶೇಂಗಾ ಹೋಳಿಗೆ ಬಿಸಿ ಮಾಡಲು ಒಳಗೆ ಹೋದರು.

ಮಧ್ಯಾಹ್ನ ಬಸಂತರಾಯರ ಕಾರು ಬಂತು. ಬಿಳಿ ಅಂಗಿ, ಬಿಳಿ ಧೋತರ, ಎದೆಯ ಕಿಸೆಯಲ್ಲಿ ಚೆಕ್‌ಬುಕ್ಕು. ಅದರ ತುದಿ ಕಿಸೆಯಿಂದ ಇಣುಕುತ್ತಿದ್ದುದನ್ನು ಸಿದ್ದಲಿಂಗನ ಕಣ್ಣು ಗೇಟಿನಿಂದಲೇ ಹಿಡಿದಿತ್ತು. ಅವರ ಹಿಂದೆಯೇ ಹದಿನೈದರ ಒಬ್ಬ ತೆಳ್ಳನೆಯ ಹುಡುಗ ಇಳಿದ.

“ನನ್ನ ಮೊಮ್ಮಗ, ಅನಿಲಕುಮಾರ,” ಎಂದರು ಬಸಂತರಾಯರು.

“ಅಂಕಲ್, ಈ ಪಡದೆ ಹೊಸಾವು ಅದಾವಲ್ಲ. ಮತ್ತ ಅಳತಿ ಯಾಕ ತಗೊಳ್ಳಾಕತ್ತಾರ?” ಎಂದು ಒಳಗೆ ಕಾಲಿಟ್ಟ ಕೂಡಲೇ ಕೇಳಿದ ಅನಿಲಕುಮಾರ.

ಮಹಮ್ಮದಹನೀಫ ಗೋಡೆಯ ಕಡೆ ತಿರುಗಿ ಗೋಡೆಯನ್ನೇ ಅಳೆಯತೊಡಗಿದ.

“ಪ್ರಶ್ನಿ ಕೇಳೂದು ಅವನ ಚಟರಿ, ಮನಸಿಗೆ ಹಚ್ಕೋಬ್ಯಾಡ್ರಿ,” ಎಂದು ಬಸಂತರಾಯರು ಕುರ್ಚಿಯಲ್ಲಿ ಕೂತರು. “ಇವನೇನು ನಿಮ್ಮ ಹುಡುಗ? ಭಪ್ಪರೆ! ಏನಪಾ, ಸಾಹೇಬ್ರು ಹೆಂಗ ಅದಾರ?”

ಭೀಮು ಶುರು ಮಾಡಿದ. ಶುರು ಮಾಡಿದವನು ಚೆನ್ನಾಗಿಯೇ ಮಾಡಿದ. “ಸರ್ ಇಲ್ಲಂದ್ರ ನಾ ಒಂಬತ್ತನೇ ಕ್ಲಾಸಿಗೆ ಸಾಲಿ ಬಿಟ್ಟಿರ್ತಿದ್ದೆರಿ. ಸರ್ ನನ್ನ ಬಸವನ ಬಾಗೇವಾಡಿಗೆ ಕಬಡ್ಡಿ ಪಂದ್ಯಕ್ಕ ಕರಕೊಂಡ ಹೋಗಿದ್ರು. ಸೋತ ಬಂದಾಗ ದಾರ್ಯಾಗ ಒಂದ ಮಾತೂ ಆಡಲಿಲ್ಲರಿ, ಬರೇ ಹೆಗಲ ಮ್ಯಾಲೆ ಕೈ ಇಟ್ಕೊಂಡ ಕುಂತ್ರು. ಸರ್ ನನ್ನ ಅಂಗಿ ತಾವ ಹೊಲೀತಾರ್ರಿ.”

“ಹೊಲೀತಾರ?” ಬಸಂತರಾಯರು ಹುಬ್ಬೇರಿಸಿದರು.

“ಹೊಲಸ್ತಾರ್ರಿ,” ಎಂದಳು ಸಗೀರಾ ಥಟ್ಟನೆ.

ಗೋಡೆಯ ಕಡೆಯಿಂದ ಒಂದು ದೀರ್ಘ ಉಸಿರು ಕೇಳಿಬಂತು.

ಅಷ್ಟರಲ್ಲಿ ಕಸ್ತೂರೆವ್ವ ಹೋಳಿಗೆಯ ತಾಟು ಹಿಡಿದು ಬಂದರು. ಸಿದ್ದಲಿಂಗನೂ ತನ್ನ ಪಾಲಿನದು ಏನಾದರೂ ಹೇಳಬೇಕಲ್ಲ ಎಂದು ಭೀಮುವಿನ ಬೆನ್ನು ತಟ್ಟಿ, “ಇವಗ ಬದನೆಕಾಯಿ ಅಂದ್ರ ಪ್ರಾಣರಿ,” ಎಂದುಬಿಟ್ಟ. ಬಾಯಿಪಾಠದಲ್ಲಿ ಆ ಸಾಲು ತಲೆಕೆಳಗಾಗಿತ್ತು. ಭೀಮುವಿನ ಮುಖ ಹುಳಿ ಮಾವಿನಕಾಯಿ ಕಚ್ಚಿದ ಹಾಗಾಯಿತು.

ಬಸಂತರಾಯರ ಕಣ್ಣಲ್ಲಿ ಅನುಮಾನದ ಎಳೆ ಸುಳಿದದ್ದನ್ನು ಕಸ್ತೂರೆವ್ವ ಕಂಡರು. ಕಂಡವರು ಸುಮ್ಮನಿರಲಾರದೆ, “ಪ್ರಾಣದ ಮಾತ ಬಂದ್ರ ಹೇಳ್ತೇನ್ರಿ ಯಪ್ಪಾ, ಈ ಹುಡುಗನ ಪ್ರಾಣ ಉಳದಿದ್ದ ಈ ಸಾಹೇಬ್ರಿಂದ! ನಮ್ಮ ಹಿತ್ತಲದಾಗಿನ ಬಾವ್ಯಾಗ ಬಿದ್ದಿದ್ನರಿ. ಸಾಹೇಬ್ರು ಕೋಟ ಸುದ್ದಾ ಜಿಗದು ಮ್ಯಾಲೆ ತಂದ್ರು!” ಎಂದರು.

ಸಿದ್ದಲಿಂಗನಿಗೆ ಈಜು ಬರುತ್ತಿರಲಿಲ್ಲ. ಬಕೆಟ್ಟಿನ ನೀರಿಗೂ ಹುಷಾರಾಗಿ ಕೈ ಹಾಕುವ ಮನುಷ್ಯ.

“ಹೌದಾ!” ಬಸಂತರಾಯರು ಕುರ್ಚಿಯಿಂದಲೇ ಎದ್ದರು. “ಆ ಬಾವಿ ಒಂದೀಟ ತೋರಸ್ರಿ.”

“ಹೋಳಿಗಿ ಆರತಾವರಿ,” ಎಂದ ಸಿದ್ದಲಿಂಗ.

“ಆರಲಿ.”

ಎಲ್ಲರೂ ಹಿತ್ತಲಿಗೆ ಹೋದರು. ಅಳತೆ ಟೇಪು ಕೂಡ ಹಿಂದೆ ಬಂತು. ಬಾವಿಯೇನೋ ಇತ್ತು. ಬಾಯಿಗೆ ಹಾಸುಗಲ್ಲು ಹಾಕಿ, ಕಲ್ಲಿನ ಮೇಲೆ ಕಸ್ತೂರೆವ್ವ ಕುರಡಗಿ ಸಂಡಿಗೆ ಒಣಹಾಕಿದ್ದರು.

“ಆಮ್ಯಾಲೆ ಮುಚ್ಚಿಸಿದ್ವಿರಿ,” ಎಂದರು ಅವರು ಕಣ್ಣು ಮಿಟುಕಿಸದೆ.

ಅನಿಲಕುಮಾರ ಕಲ್ಲಿನ ಸಂದಿಯಿಂದ ಒಂದು ಹರಳು ಒಳಗೆ ಬಿಟ್ಟ. ಎಲ್ಲರೂ ಕಿವಿಗೊಟ್ಟರು. ‘ಟಣ್’ ಎಂದಿತು. ಬಿದ್ದದ್ದು ಬರೀ ಬಂಡೆಯ ಮೇಲೆ.

“ನೀರ ಇಲ್ಲಲ್ಲ ಅಜ್ಜಿ. ಇವ ಹೆಂಗ ಮುಳುಗಿದ?”

“ಆವಾಗ ಇತ್ತಪಾ.”

“ಇವಗ ಈಸ ಬರೂದಿಲ್ಲೇನು?”

ಈ ಪ್ರಶ್ನೆ ಭೀಮುವಿಗೆ ನಾಟಿತು. ಬದನೆಕಾಯಿಯನ್ನು ಸಹಿಸಿಕೊಂಡಿದ್ದ, ಬಾವಿಗೆ ಬಿದ್ದದ್ದನ್ನೂ ನುಂಗಿಕೊಂಡಿದ್ದ. ಆದರೆ ತನಗಿಂತ ಸಣ್ಣ ಹುಡುಗ ಈಜು ಬರುವುದಿಲ್ಲವೇ ಎಂದು ಕೇಳುವುದೆಂದರೆ!

“ಯಾಂವ ಅಂದಂವ ಈಸ ಬರೂದಿಲ್ಲಂತ?” ಎಂದು ಎದೆ ಸೆಟೆಸಿ ನಿಂತ. “ಭೀಮಾ ಹೊಳಿ ಈ ದಂಡಿಯಿಂದ ಆ ದಂಡಿಗೆ ಈಸ್ತೇನಿ! ನಾ ಯಾವ ಬಾವ್ಯಾಗೂ ಮುಳುಗಿಲ್ಲ!”

“ಯಾರ ಕಲಿಸಿದ್ರು?” ಎಂದ ಅನಿಲಕುಮಾರ.

ಭೀಮು ಬಾಯಿ ತೆರೆದು ಸಿದ್ದಲಿಂಗನನ್ನು ನೋಡಿದ. ಚಾಚಾ ಅನ್ನುವ ಕಡೆ ಸರ್ ಅನ್ನಬೇಕು. ಕಷ್ಟಪಟ್ಟು, “ಸರ್... ಕಲಿಸಿದ್ರು,” ಎಂದ.

ಅಲ್ಲಿಗೆ ಮಹಮ್ಮದಹನೀಫ ಇಟ್ಟ ಆಣೆ ಮುರಿಯಿತು.

“ಸುಳ್ಳ!” ಎಂದು ಅಳತೆ ಟೇಪನ್ನು ಕೊರಳಿನಿಂದ ಕಿತ್ತು ಬಾವಿಯ ಕಲ್ಲಿನ ಮೇಲೆ ಬಡಿದ. ಕುರಡಗಿ ಹಾರಿದವು. “ಈಸ ಕಲಿಸಿದಂವ ನಾನು! ಬಾಗೇವಾಡಿಗೆ ಕರಕೊಂಡ ಹೋದಂವ ನಾನು! ಬರೋ ಮುಂದ ಮನಗೂಳಿ ಹತ್ರ ಬಸ್ಸಿನ್ಯಾಗ ಇವ ವಾಂತಿ ಮಾಡಿದ್ದು ನನ್ನ ಪಾಯಜಾಮದ ಮ್ಯಾಲೆ! ಸಾಹೇಬ್ರ, ಹುಡುಗನ್ನ ಬೇಕಾದ್ರ ಇನ್ನೆರಡ ತಾಸ ಇಟ್ಕೋರಿ, ಆದ್ರ ಆ ವಾಂತಿ ನಂದು, ಅದನ್ನ ಯಾರಿಗೂ ಕೊಡೂದಿಲ್ಲ!”

ಭೀಮು ಹೋಗಿ ಮಹಮ್ಮದಹನೀಫನ ಪಕ್ಕ ನಿಂತುಕೊಂಡ. ಕಸ್ತೂರೆವ್ವ ಬಗ್ಗಿ ಕುರಡಗಿ ಆಯತೊಡಗಿದರು. ಅವರು ಅಷ್ಟು ಹೊತ್ತು ತಲೆಯೆತ್ತದೆ ಇದ್ದದ್ದನ್ನು ಆ ಓಣಿಯಲ್ಲಿ ಯಾರೂ ಕಂಡಿರಲಿಲ್ಲ.

ಸಿದ್ದಲಿಂಗನಿಗೆ ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ವಿಚಿತ್ರವೆಂದರೆ, ಬಿಗಿಯಾದ ಬೂಟು ಕಳಚಿದ ಹಾಗೆ ಅವನಿಗೆ ಹಗುರವೆನಿಸಿತು. “ತಪ್ಪಾತ್ರಿ ಸಾವಕಾರ್ರ,” ಎಂದ. “ಭೀಮು ಚಾಚಾನ ಹುಡುಗ. ನಾ ಕೈಗಡ ತಂದಿದ್ದೆ. ಊರ ಮಂದಿಗೆಲ್ಲಾ ಜೊತೆಗಾರ ಆಗ್ರಿ ಅಂತ ಹೇಳ್ಕೊಂಡ ತಿರುಗ್ತೇನಿ, ನನಗ ಪುರುಸೊತ್ತ ಆಗಿಲ್ಲ. ಈ ಸುಳ್ಳ ನಂದು, ಸಂಸ್ಥಾದ್ದಲ್ಲ. ಚಾಚಾ ಮತ್ತು ಭೀಮು, ಅವ್ರ ಖರೇ. ಅಷ್ಟ ತಿಳ್ಕೊಂಡ ಹೋಗ್ರಿ.”

ಬಸಂತರಾಯರು ಅವನನ್ನು ದಿಟ್ಟಿಸಿದರು. “ಅಂದ್ರ ನಿಮ್ಮ ಕೈಯಾಗ ಹುಡುಗ ಇಲ್ಲ?”

“ಇಲ್ರಿ.”

“ಒಬ್ಬನೂ?”

“ಒಬ್ಬನೂ ಇಲ್ರಿ.”

ಬಸಂತರಾಯರ ಮುಖ ಗ್ಯಾಸ್ ಲೈಟಿನ ಹಾಗೆ ಹೊತ್ತಿಕೊಂಡಿತು. ಎರಡು ಹೆಜ್ಜೆ ಮುಂದೆ ಬಂದು ಸಿದ್ದಲಿಂಗನನ್ನು ಬಾಚಿ ತಬ್ಬಿಕೊಂಡರು. “ಸಿಕ್ಕಿರಿ ನೋಡ್ರಿ! ಇಷ್ಟ ದಿನಕ್ಕ ಒಬ್ಬರ ಖಾಲಿ ಸಿಕ್ಕಿರಿ!”

ಸಿದ್ದಲಿಂಗನಿಗೆ ತಿಳಿಯಲಿಲ್ಲ. ಬಸಂತರಾಯರು ಮೊಮ್ಮಗನನ್ನು ಮುಂದಕ್ಕೆ ತಂದು ನಿಲ್ಲಿಸಿದರು.

“ನನ್ನ ಮಗಳು ಬ್ಯಾಂಕಿನಾಗ ಅದಾಳ್ರಿ. ವರ್ಗದ ಮ್ಯಾಲೆ ವರ್ಗ. ಈ ತಿಂಗಳ ಸಿಂದಗಿಗೆ ಬಂದಾಳ. ಸಾಲಿ ಬದಲಿ ಆಗಿ ಆಗಿ ಈ ಹುಡುಗಗ ಒಬ್ಬ ಗೆಳೆಯ ಇಲ್ಲ. ಪ್ರಶ್ನಿ ಕೇಳ್ತಾನಂತ ಯಾರೂ ಹತ್ರ ಸೇರಸೂದಿಲ್ಲ. ಒಬ್ಬ ತಿಳದ ಮನುಷ್ಯನ ಕೈಯಾಗ ಕೊಡ್ಬೇಕಂತ ಊರೂರು ಹುಡುಕಾಕತ್ತೇನಿ. ನಾ ವ್ಯಾಪಾರಸ್ಥ, ಮಾಲಕರ ಜೋಡಿನ ವ್ಯವಹಾರ ಮಾಡಾಂವ. ಅದಕ ನಿಮ್ಮನ್ನ ಕೇಳಿದ್ದು, ಕೈಯಾಗ ಹುಡುಗ ಅದಾನೇನಂತ. ಅದಾನ ಅಂದ್ರಿ. ಇರಲಿ, ಹೆಂಗ ನೋಡ್ಕೋತೀರಿ ನೋಡೂಣು, ಚಂದ ನೋಡ್ಕೊಂಡ್ರ ಚೆಕ್ ಕೊಟ್ಟು ಹೋದ್ರಾತಂತ ಬಂದೆ. ಈಗ ನೋಡಿದ್ರ...”

“ಚೆಕ್ ಬರದ ಬಿಡ್ರಿ,” ಎಂದ ಸಿದ್ದಲಿಂಗ. ಅವನ ಕಣ್ಣು ತನಗೆ ತಿಳಿಯದಂತೆಯೇ ಆ ಕಿಸೆಯ ಮೇಲಿತ್ತು. “ಹುಡುಗನ್ನೂ ನೋಡ್ಕೋತೇನಿ, ಚೆಕ್ಕನ್ನೂ...”

ಬಸಂತರಾಯರು ಚೆಕ್‌ಬುಕ್ಕನ್ನು ಬೆರಳಿನಿಂದ ಕಿಸೆಯೊಳಕ್ಕೆ ಒತ್ತಿದರು. “ಛೇ ಛೇ! ದೇವರ ಹಿಪ್ಪರಗ್ಯಾಗ ನೀವ ಭಾಷಣ ಮಾಡಿದ್ರಿ, ನಾ ಮುಂದಿನ ಸಾಲಿನ್ಯಾಗ ಕುಂತಿದ್ದೆ. ನಮ್ಮ ಕಡೆ ಬರೋ ಮಗುವಿನ ಮನಿಯವರಿಂದ ಒಂದ ಪೈಸಾ ಮುಟ್ಟೂದಿಲ್ಲ, ಇಲ್ಲಂದ್ರ ಜೊತೆಗಾರಿಕಿ ಹೋಗಿ ಚಾಕರಿ ಆಗ್ತೈತಿ ಅಂದ್ರಿ. ನಾ ಎಷ್ಟ ಚಪ್ಪಾಳಿ ಹೊಡದಿದ್ದೆ!”

ಸಿದ್ದಲಿಂಗ ಸಗೀರಾಳ ಕಡೆ ತಿರುಗಿದ. ಅವಳಾದರೂ ಏನಾದರೂ ಸಂದು ಹುಡುಕಿ ಕೊಟ್ಟಾಳೆಂದು ಆಸೆ.

“ಹೌದ್ರಿ, ನಿಯಮ ಐತಿ,” ಎಂದಳು ಸಗೀರಾ ತೃಪ್ತಿಯಿಂದ. “ಸರ್ ಮಾಡಿದ್ದ. ಇವತ್ತಿನಿಂದ ಇವ್ರ ತರಬೇತಿ ಶುರು. ನಾ ಜೋಡಿ ಇರ್ತೇನಿ. ತಾಯಿಯವರ ಜೋಡಿನೂ ಇವತ್ತ ಮಾತಾಡ್ತೇನ್ರಿ.”

ಬಸಂತರಾಯರು ಹೋಳಿಗೆ ತಿಂದು, ಮಹಮ್ಮದಹನೀಫನಿಗೆ ಕೈಮುಗಿದು, ಭೀಮುವಿನ ಬೆನ್ನು ಗುದ್ದಿ, ಮೊಮ್ಮಗನನ್ನು ಅಲ್ಲೇ ಬಿಟ್ಟು ಕಾರು ಹತ್ತಿ ಹೋದರು. ಚೆಕ್‌ಬುಕ್ಕೂ ಅವರ ಜೊತೆಗೇ ಹೋಯಿತು.

ಇಳಿಹೊತ್ತಿಗೆ ಸಿದ್ದಲಿಂಗ ಅನಿಲಕುಮಾರನನ್ನು ಕರೆದುಕೊಂಡು ಕಬ್ಬಿನ ಹಾಲಿನ ಅಂಗಡಿಗೆ ಹೋದ. ಪಕ್ಕದ ಬೆಂಚಿನ ಮೇಲೆ ಸಗೀರಾ ಬೇರೆಲ್ಲೋ ನೋಡುವವಳ ಹಾಗೆ ಕೂತಳು. ಮೊದಲು ಏನು ಮಾತಾಡಬೇಕೋ ಸಿದ್ದಲಿಂಗನಿಗೆ ಹೊಳೆಯಲಿಲ್ಲ. ಸಾಹುಕಾರರೊಡನೆ ಮಳೆ ಬೆಳೆ ಕೇಳಬಹುದು, ಬೀಗರ ಆರೋಗ್ಯ ಕೇಳಬಹುದು. ಈ ಹುಡುಗನಿಂದ ಪಡೆಯಬೇಕಾದದ್ದು ಏನೂ ಇರಲಿಲ್ಲ. ಪಡೆಯಬೇಕಾದದ್ದು ಇಲ್ಲದ ಮನುಷ್ಯನ ಎದುರು ಕೂರುವ ರೂಢಿಯೇ ಅವನಿಗೆ ತಪ್ಪಿತ್ತು. ಸುಮ್ಮನೆ ಗ್ಲಾಸು ಮುಂದೆ ಸರಿಸಿದ.

ಅನಿಲಕುಮಾರ ಪ್ರಶ್ನೆ ಕೇಳಿದ. ಗಾಣದ ಗಾಲಿ ಯಾಕೆ ಆ ಕಡೆಯೇ ತಿರುಗುತ್ತದೆ? ಕಿವುಡ ಮಕ್ಕಳು ಕನಸಿನಲ್ಲಿ ಮಾತು ಕೇಳುತ್ತಾರೆಯೇ? ಎರಡನೆಯದಕ್ಕೆ ಸಿದ್ದಲಿಂಗ ಸೊಲ್ಲಾಪುರದ ಶಾಲೆಯ ಒಬ್ಬ ಹುಡುಗನ ಕತೆ ಹೇಳಿದ. ಯಾವ ದಾನಿಗೂ ಹೇಳದ ಕತೆ. ಅದರಲ್ಲಿ ಕಣ್ಣೀರಿರಲಿಲ್ಲ, ಬರೀ ನಗುವಿತ್ತು. ಅನಿಲಕುಮಾರ ನಗುತ್ತ ಮೂಗಿನಿಂದ ಕಬ್ಬಿನ ಹಾಲು ಹೊರಡಿಸಿದ. ಸಿದ್ದಲಿಂಗ ಕರವಸ್ತ್ರ ಕೊಟ್ಟ. ಅವನಿಗೆ ಹಿತವೆನಿಸಿತು. ಹಾಗೆ ಹಿತವೆನಿಸುತ್ತಿರುವಾಗಲೇ ಕೇಳಿದ:

“ಹಿಂದಿನ ಊರಾಗ ನಿನಗ ಯಾಕ ಯಾರೂ ಸಿಗಲಿಲ್ಲ?”

“ಎಲ್ಲಾ ಕಡೆ ಕೇಳಿದ್ವಿ ಅಂಕಲ್. ಇಂಡ್ಯಾಗ ಒಂದ ಸಂಸ್ಥಾ, ಬಾಗೇವಾಡ್ಯಾಗ ಒಂದು, ಮುದ್ದೇಬಿಹಾಳದಾಗ ಒಂದು. ಎಲ್ಲಾರೂ ತಮ್ಮ ಕೈಯಾಗ ಆಗಲೇ ಒಬ್ಬ ಹುಡುಗ ಅದಾನ ಅಂದ್ರು. ಹುಡುಗನ್ನ ತೋರಿಸಿದ್ರು. ಅಜ್ಜಗ ಖುಷಿ ಆತು. ಮೂರೂ ಕಡೆ ಚೆಕ್ ಕೊಟ್ಟ ಬಂದ.”

ಸಿದ್ದಲಿಂಗನ ಗ್ಲಾಸು ಅರ್ಧ ದಾರಿಯಲ್ಲಿ ನಿಂತಿತು. “ಮುದ್ದೇಬಿಹಾಳದಾಗೂ?”

“ಅಲ್ಲಿ ಕೊಟ್ಟ ಚೆಕ್ಕೇ ಎಲ್ಲಾಕಿಂತ ದೊಡ್ಡದು. ಆ ಹುಡುಗ ಭಾಳ ಚಲೋ ಮಾತಾಡಿದ. ಅಜ್ಜ ಅತ್ತುಬಿಟ್ಟ.” ಅನಿಲಕುಮಾರ ಗ್ಲಾಸಿನ ತಳದ ಐಸನ್ನು ಬಾಯಿಗೆ ಹಾಕಿಕೊಂಡ. “ಆಮ್ಯಾಲೆ ಹೊರಗ ಅವನ್ನ ಕೇಳಿದೆ. ಅವ ಆ ಸಂಸ್ಥಾದವರ ಡ್ರೈವರನ ತಮ್ಮ ಅಂತ. ಅವತ್ತ ಮುಂಜಾನೆನ ಕರಸಿದ್ರಂತ.”

“ಅಜ್ಜಗ ಹೇಳಲಿಲ್ಲೇನೋ?”

“ಅಜ್ಜ ಕೇಳಲಿಲ್ಲ.”

ಪಕ್ಕದ ಬೆಂಚಿನಲ್ಲಿ ಸಗೀರಾ ಸೆರಗು ಬಾಯಿಗೆ ಒತ್ತಿಕೊಂಡಳು. ಅವಳ ಭುಜ ಕುಲುಕುತ್ತಿತ್ತು. ಸಿದ್ದಲಿಂಗನ ಹೊಟ್ಟೆಯಿಂದಲೂ ನಗು ಎದ್ದು ಬಂತು. ಕಬ್ಬಿನ ಹಾಲಿನವನು ಗಾಣ ನಿಲ್ಲಿಸಿ ಇವರತ್ತ ನೋಡಿದ.

ಅಷ್ಟರಲ್ಲಿ ಕಿಸೆಯಲ್ಲಿ ಫೋನು ಅದುರಿತು. ಮುದ್ದೇಬಿಹಾಳದಿಂದ ತರನ್ನುಮ. ಸಾಹುಕಾರರು ಏನೆಂದರು ಎಂದು ಕೇಳಲು ಮಾಡಿದ್ದಳು. ಮುಂಜಾನೆಯ ಕೈಗಡದ ಸುದ್ದಿ ಸಗೀರಾಳಿಂದ ಅವಳಿಗಾಗಲೇ ಮುಟ್ಟಿತ್ತು. ಬರುವ ರವಿವಾರ ವಿಜಯಪುರದ ಇನ್ನೊಬ್ಬ ದಾನಿ ಮನೆಗೆ ಕರೆದಿದ್ದಾರೆ, ಅಲ್ಲಿಗಾದರೂ ಹೋಗಿ ಬರ್ತೀರಾ ಸರ್, ಎಂದು ಕೇಳಿದಳು.

“ರವಿವಾರ ಆಗೂದಿಲ್ಲವ್ವ,” ಎಂದ ಸಿದ್ದಲಿಂಗ. “ಸೋಮವಾರ ಹೋಗ್ತೇನಿ ಅಂತ ಹೇಳು. ರವಿವಾರ ನನ್ನ ಕೈಯಾಗ ಒಬ್ಬ ಹುಡುಗ ಅದಾನ.”

“ನಿಮಗ ಯಾವಾಗ ಸರ್ ಹುಡುಗ?” ಎಂದಳು ತರನ್ನುಮ ಅನುಮಾನದಿಂದ. “ಅದೂ ಕೈಗಡದ್ದೇನು?”

ಸಿದ್ದಲಿಂಗ ಉತ್ತರ ಕೊಡುವಷ್ಟರಲ್ಲಿ ಅನಿಲಕುಮಾರ ಅವನ ತೋಳು ಜಗ್ಗಿದ. “ಅಂಕಲ್, ಕೈಗಡ ಅಂದ್ರೇನು?”